ಈ ಚಿತ್ರದಲ್ಲಿರುವ ಸೊಂಟಕ್ಕೆ ಅಳತೆ ಎಲ್ಲಿಂದ ತರೋದು? (ಗ್ರುವೊ, ಡಿಯೋರ್, 1947ರ ಲಂಗ)

ನೆರಿಗೆಮನೆ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಹೊಲಿಗೆ ಅಂಗಡಿ ನಡೆಸುತ್ತಿದ್ದೇನೆ. ಬ್ಲೌಸ್ ಜಾಸ್ತಿ, ಸೀಸನ್‌ನಲ್ಲಿ ಲೆಹೆಂಗಾ, ಗೌನ್. ಮೊನ್ನೆ ಒಬ್ಬ ಹುಡುಗಿ ರಿಸೆಪ್ಷನ್‌ಗೆ ಗೌನ್ ಬೇಕು ಅಂತ ಬಂದಳು. ಎಲ್ಲರೂ ಯಾವುದಾದರೂ ನಟಿಯ ಫೋಟೊ ತೋರಿಸುತ್ತಾರೆ. ಇವಳು ಮೊಬೈಲ್‌ನಲ್ಲಿ ತೋರಿಸಿದ್ದು ಕೈಯಲ್ಲಿ ಬರೆದ ಚಿತ್ರ. ಕಪ್ಪು ಮಸಿಯಲ್ಲಿ ಒಬ್ಬ ಹೆಂಗಸು, ನಮ್ಮ ಕಡೆ ಬೆನ್ನು ಮಾಡಿ ನಿಂತಿದ್ದಾಳೆ. ಹಿಂದೆ ಪೂರ್ತಿ ಕೆಂಪು. ಸೊಂಟ ನನ್ನ ಮುಷ್ಟಿಯಷ್ಟು. ಅಲ್ಲಿಂದ ಕೆಳಗೆ ಲಂಗ ಕೊಡೆ ಬಿಚ್ಚಿದ ಹಾಗೆ. ಝಿಪ್ ಎಲ್ಲಿ, ಹೊಲಿಗೆ ಎಲ್ಲಿ, ಏನೂ ಕಾಣಲ್ಲ. ಮೂಲೆಯಲ್ಲಿ ಗ್ರುವೊ ಅಂತ ಸಹಿ, ಅದರ ಮೇಲೊಂದು ಪುಟ್ಟ ನಕ್ಷತ್ರ.

"ಆಂಟಿ, ಇದೇ ಥರ" ಅಂದಳು.

ಹಿಂದೊಮ್ಮೆ ಇಂಥದ್ದೇ ಚಿತ್ರ ನೋಡಿ ಒಬ್ಬರಿಗೆ ಹೊಲಿದಿದ್ದೆ. ಸೊಂಟ ಬಿಗಿ ಹಿಡಿದೆ, ಒಳಗೆ ಕ್ಯಾನ್‌ಕ್ಯಾನ್ (ಲಂಗ ಉಬ್ಬಿಸುವ ಗಟ್ಟಿ ಬಲೆ ಬಟ್ಟೆ) ತುಂಬಿದೆ. ಹಾಕಿಕೊಂಡಾಗ ದಿಂಬಿನ ಬಾಯಿಗೆ ದಾರ ಕಟ್ಟಿದ ಹಾಗಿತ್ತು. ಪಾಪ, ಅವರು ಏನೂ ಅನ್ನಲಿಲ್ಲ. ಆಮೇಲೆ ಅಂಗಡಿ ಕಡೆ ಬರಲೂ ಇಲ್ಲ.

ಈ ಚಿತ್ರ ಬರೆಯುವವರು ನಿಜವಾದ ಬಟ್ಟೆ ನೋಡಿ ಬರೆಯುತ್ತಿದ್ದರಾ, ಇಲ್ಲ ಎಲ್ಲಾ ಕಲ್ಪನೆಯಾ? ಇದನ್ನು ಹೊಲಿಯೋಕೆ ಆಗುತ್ತಾ? ಗೊತ್ತಿದ್ದವರು ಹೇಳಿ.


ಕುಂಚದ ತುದಿ, ಬೆಂಗಳೂರು

ಆ ಹೆಸರು ನೋಡಿಯೇ ಖುಷಿಯಾಯಿತು. ನಾನು ವಾರಪತ್ರಿಕೆ ಕತೆಗಳಿಗೆ ಚಿತ್ರ ಬರೆದು ಅನ್ನ ತಿಂದವನು. ಕೈ ಪಳಗಿದ್ದು ಇಂಥವರನ್ನು ಕಾಪಿ ಹೊಡೆದು.

ರೆನೆ ಗ್ರುವೊ ಹುಟ್ಟಿದ್ದು 1909ರಲ್ಲಿ, ಇಟಲಿಯ ರಿಮಿನಿಯಲ್ಲಿ. ಅಪ್ಪ ಇಟಲಿಯ ದೊಡ್ಡ ಮನೆತನದವರು, ಅಮ್ಮ ಫ್ರಾನ್ಸಿನವರು. ಗ್ರುವೊ ಅನ್ನೋದು ಅಮ್ಮನ ತವರಿನ ಹೆಸರು. ಹದಿಹರೆಯದಲ್ಲೇ ಪತ್ರಿಕೆಗಳಿಗೆ ಚಿತ್ರ ಕೊಡಲು ಶುರುಮಾಡಿದರು. 1930ರ ದಶಕದಲ್ಲಿ ಪ್ಯಾರಿಸ್‌ನ ಫಿಗಾರೊ ಪತ್ರಿಕೆಗೆ ಬರೆಯುವಾಗ ಇನ್ನೊಬ್ಬ ಚಿತ್ರಗಾರರ ಪರಿಚಯವಾಯಿತು. ಅವರೇ ಕ್ರಿಸ್ಟಿಯನ್ ಡಿಯೋರ್. ಹೌದು, ಡಿಯೋರ್ ಕೂಡ ಮೊದಲು ಟೋಪಿ, ಉಡುಪಿನ ಸ್ಕೆಚ್ ಬರೆದು ಮಾರಿ ಬದುಕಿದವರೇ.

ಮುಂದೆ ಡಿಯೋರ್ ಉಡುಪು ವಿನ್ಯಾಸಕರಾಗಿ ಸ್ವಂತ ಫ್ಯಾಷನ್ ಮನೆ ತೆರೆದಾಗ ಗ್ರುವೊ ಅದರ ಕುಂಚವಾದರು. 1947ರ ಮಿಸ್ ಡಿಯೋರ್ ಸೆಂಟಿನ ಜಾಹೀರಾತು ನೋಡಿ. ಒಂದು ಹಂಸ, ಕುತ್ತಿಗೆಗೆ ಮುತ್ತಿನ ಸರ, ಕಪ್ಪು ರಿಬ್ಬನ್. ಅಷ್ಟೇ. ಹೆಂಗಸೂ ಇಲ್ಲ, ಬಟ್ಟೆಯೂ ಇಲ್ಲ. 1949ರಲ್ಲಿ ಇನ್ನೊಂದು, ಚಿರತೆಯ ಪಂಜದ ಮೇಲೆ ಹೆಣ್ಣಿನ ಕೈ. ಅದೇ ವರ್ಷ ಬೇರೆ ಕಂಪನಿಯ ಲಿಪ್‌ಸ್ಟಿಕ್ ಜಾಹೀರಾತಿಗೆ ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು. ಕಣ್ಣು ಕಾಣದ ಮೇಲೆ ನೋಡುವವನ ಗಮನ ತುಟಿಗೇ ಹೋಗಬೇಕಲ್ಲ!

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಲ್ಪನೆ ಅಲ್ಲ. ಉಡುಪು ತೊಟ್ಟ ರೂಪದರ್ಶಿಯನ್ನು ನೋಡಿಯೇ ಬರೆಯುತ್ತಿದ್ದರು. ಆದರೆ ಮೈಯನ್ನು ಎಳೆದುಬಿಡುತ್ತಿದ್ದರು. ಸಾಮಾನ್ಯ ಮನುಷ್ಯರು ತಲೆಯ ಅಳತೆಯಲ್ಲಿ ಏಳೂವರೆ ತಲೆ ಎತ್ತರ. ಫ್ಯಾಷನ್ ಚಿತ್ರದಲ್ಲಿ ಒಂಬತ್ತು ತಲೆ, ಕೆಲವೊಮ್ಮೆ ಹತ್ತು. ಹೆಚ್ಚಿದ್ದೆಲ್ಲ ಕಾಲಿಗೆ ಹೋಗುತ್ತದೆ. ಹಾಗಾಗಿ ಅಳತೆ ಸುಳ್ಳು, ನಿಲುವು ನಿಜ.


ಕತ್ತರಿ ಕಾಕಾ, ಹುಬ್ಬಳ್ಳಿ

"ನಿಲುವು ನಿಜ" ಅಂತ ಬಿಲ್ಲಿನಲ್ಲಿ ಬರೆಯೋಕೆ ಬರೂದಿಲ್ಲರೀ ಸರ. ಗಿರಾಕಿ ಕನ್ನಡಿ ಮುಂದೆ ನಿಂತಾಗ ಸೊಂಟ ಕಾಣಬೇಕು, ಅಷ್ಟೇ.

ತಂಗೀ, ನಾನು 38 ವರ್ಷ ಕೋಟು ಹೊಲಿದವನು. ನೀವು ಎಲ್ಲಿ ಎಡವಿದಿರಿ ಅಂತ ಇಲ್ಲಿಂದಲೇ ಗೊತ್ತಾಗುತ್ತದೆ. ನೀವು ಸೊಂಟ ಸಣ್ಣ ಮಾಡೋಕೆ ಹೋದಿರಿ. ಸೊಂಟ ದೇವರು ಕೊಟ್ಟಿದ್ದು, ಅದು ಎಷ್ಟಿದೆಯೋ ಅಷ್ಟೇ ಇರುತ್ತದೆ. ಬಿಗಿ ಹಿಡಿದರೆ ಮೇಲೆ ಕೆಳಗೆ ಉಬ್ಬುತ್ತದೆ. ಸೊಂಟ ಬಿಡ್ರಿ, ಅದರ ಕೆಳಗೆ ಎರಡೂ ಪಕ್ಕ ದೊಡ್ಡದು ಮಾಡ್ರಿ. ಆಗ ಮಧ್ಯೆ ಇರೋದು ತಾನೇ ಸಣ್ಣ ಕಾಣುತ್ತದೆ. ಕಣ್ಣಿಗೆ ಮೋಸ ಮಾಡಬೇಕು, ಹೊಟ್ಟೆಗೆ ಅಲ್ಲ.

ಆ ಕಾಲದ ಹೆಂಗಸರ ಉಡುಪು ನಾನು ಫೋಟೊದಲ್ಲಿ ಮಾತ್ರ ನೋಡಿದ್ದು. ಆದರೂ ಪಣ ಕಟ್ಟುತ್ತೇನೆ, ಒಳಗೆ ಕೋಟಿನ ಹಾಗೆ ಕ್ಯಾನ್ವಾಸ್, ಪ್ಯಾಡ್ ಎಲ್ಲಾ ಇರುತ್ತದೆ. ಬರೇ ಬಟ್ಟೆ ಹಂಗ ನಿಲ್ಲೂದಿಲ್ಲ.


ಲಿಯೋಂ ಸೊಸೆ, ಫ್ರಾನ್ಸ್

ಕಾಕಾ ಪಣ ಗೆದ್ದಿರಿ!

ಮದುವೆಯಾಗಿ ಇಲ್ಲಿಗೆ ಬಂದು ಹನ್ನೊಂದು ವರ್ಷ. ಪ್ಯಾರಿಸ್‌ನಲ್ಲಿ ಡಿಯೋರ್ ಅವರ ಹಳೇ ವಿಳಾಸ, 30 ಅವೆನ್ಯೂ ಮೊಂತೇನ್, ಈಗ ಅದೇ ಜಾಗದಲ್ಲಿ 2022ರಿಂದ ಮ್ಯೂಸಿಯಂ ಇದೆ. ನೆಂಟರು ಬಂದಾಗಲೆಲ್ಲ ಐಫೆಲ್ ಟವರ್ ತೋರಿಸಿ ತೋರಿಸಿ ಬೇಜಾರಾಗಿ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

1947ರ ಫೆಬ್ರವರಿ 12. ಯುದ್ಧ ಮುಗಿದು ಎರಡು ವರ್ಷ ಆಗಿಲ್ಲ, ಭಯಂಕರ ಚಳಿ, ಕಲ್ಲಿದ್ದಲಿಗೂ ಪರದಾಟ. ಆ ದಿನ ಡಿಯೋರ್ ಮೊದಲ ಸಂಗ್ರಹ ತೋರಿಸಿದರು. ಒಂದು ಸಾಲಿನ ಹೆಸರು ಕೊರೋಲ್, ಅಂದರೆ ಹೂವಿನ ದಳಗಳ ಬಟ್ಟಲು. ಇನ್ನೊಂದಕ್ಕೆ 8ರ ಆಕಾರದ್ದು ಅಂತಲೇ ಹೆಸರು. ಅಮೆರಿಕದ ಹಾರ್ಪರ್ಸ್ ಬಜಾರ್ ಸಂಪಾದಕಿ ಕಾರ್ಮೆಲ್ ಸ್ನೋ ಬಾಯಿಂದ ಬಂದ "ನ್ಯೂ ಲುಕ್" ಅನ್ನೋ ಮಾತು ಹಾಗೇ ಅಂಟಿಕೊಂಡಿತು.

ಅದರಲ್ಲಿ ಬಾರ್ ಅನ್ನೋ ಜೋಡಿ ಉಡುಪು ಎಲ್ಲಕ್ಕಿಂತ ಪ್ರಸಿದ್ಧ. ಕೆನೆಬಣ್ಣದ ರೇಷ್ಮೆ ಜಾಕೆಟ್, ಕಪ್ಪು ಉಣ್ಣೆಯ ನೆರಿಗೆ ಲಂಗ. ಗಾಜಿನ ಹತ್ತಿರ ಮೂಗು ಒತ್ತಿ ನೋಡಿದ್ದೇನೆ. ಜಾಕೆಟ್ಟಿನ ಸೊಂಟದ ಕೆಳಗಿನ ಭಾಗ ಮೈಗೆ ತಾಗಿಲ್ಲ, ತಟ್ಟೆಯ ಅಂಚಿನ ಹಾಗೆ ಹೊರಗೆ ಬಾಗಿದೆ. ಒಳಗೆ ಪ್ಯಾಡ್. ಭುಜದಲ್ಲಿ ಮಾತ್ರ ಪ್ಯಾಡ್ ಇಲ್ಲ, ಇಳಿಜಾರಾಗಿ ಮೆತ್ತಗಿದೆ. ಯುದ್ಧದ ವರ್ಷಗಳ ಕೋಟುಗಳಲ್ಲಿ ತದ್ವಿರುದ್ಧ: ಭುಜ ಚೌಕ, ಲಂಗ ಮೊಣಕಾಲಿಗೆ ಮುಗಿಯೋದು. ಆಗ ಡಿಯೋರ್ ಕೋಟಿನ ಕೆಲಸ ಮಾಡುತ್ತಿದ್ದವರಲ್ಲಿ ಒಬ್ಬ ಹುಡುಗ ಪಿಯೆರ್ ಕಾರ್ದಾಂ. ಮುಂದೆ ಅವರೇ ದೊಡ್ಡ ಹೆಸರಾದರು.

ಇನ್ನೊಂದು ಗುಟ್ಟು. ಅಂಥ ಉಡುಪುಗಳ ಒಳಗೆ ಸೊಂಟದ ಸುತ್ತ ಒಂದು ಗಟ್ಟಿ ರಿಬ್ಬನ್ ಇರುತ್ತದೆ. ಮೊದಲು ಅದನ್ನು ಹುಕ್ ಹಾಕಿ ಬಿಗಿಯಬೇಕು, ಆಮೇಲೆ ಹೊರಗಿನ ಝಿಪ್. ಲಂಗದ ಭಾರವೆಲ್ಲ ಆ ರಿಬ್ಬನ್ ಮೇಲೆ. ಹಾಗಾಗಿ ಮೇಲಿನ ಬಟ್ಟೆ ಎಳೆಯಲ್ಲ, ಸುಕ್ಕಾಗಲ್ಲ.


ಕತ್ತರಿ ಕಾಕಾ, ಹುಬ್ಬಳ್ಳಿ

ಅಂದರೆ ಭುಜದ ಪ್ಯಾಡ್ ಬಿಚ್ಚಿ ಪಕ್ಕಕ್ಕೆ ಹಾಕಿದ್ದಾರೆ ಅಷ್ಟೇ! ಭಾಳ ಛಲೋ. ಪ್ಯಾರಿಸ್ ಆದರೇನು, ಹಳೇ ಮಾಲು ಬಿಸಾಡಿಲ್ಲ ನೋಡ್ರಿ.


ಹಳೇ ಪುಟ, ಮೈಸೂರು

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಕಹಿ ಗುಳಿಗೆ ನುಂಗಿ.

ಆ ಲಂಗ ಬಂದಾಗ ಫ್ರಾನ್ಸಿನಲ್ಲಿ ಬ್ರೆಡ್ಡಿಗೂ ರೇಷನ್. ಬಟ್ಟೆ ಸಿಗುತ್ತಿರಲಿಲ್ಲ. ಇವರು ಒಂದೊಂದು ಲಂಗಕ್ಕೆ ಹತ್ತಾರು ಮೀಟರ್ ಬಟ್ಟೆ ಸುರಿದರು. ಅದೇ ವರ್ಷ ಮೊಂಮಾರ್ತ್ ಬೆಟ್ಟದ ರ‍್ಯೂ ಲೆಪಿಕ್ ಸಂತೆಯಲ್ಲಿ ಫೋಟೊ ತೆಗೆಸಿಕೊಳ್ಳಲು ಈ ಉಡುಪು ತೊಟ್ಟು ಹೋದವರ ಮೇಲೆ ಅಲ್ಲಿನ ವ್ಯಾಪಾರದ ಹೆಂಗಸರು ಎರಗಿ ಬಟ್ಟೆ ಹರಿದರು. ಆ ಫೋಟೊ ಈಗಲೂ ಸಿಗುತ್ತದೆ. ಜಡೆ ಹಿಡಿದು ಎಳೆಯುವ ಬೀದಿ ಜಗಳ ನಮಗೆ ಹೊಸದಲ್ಲ, ಆದರೆ ಆ ಹೆಂಗಸರ ಮುಖದಲ್ಲಿರುವ ಸಿಟ್ಟು ಬೇರೆ ಥರದ್ದು.

ದುಡ್ಡು ಹಾಕಿದವರು ಯಾರು? ಮಾರ್ಸೆಲ್ ಬೂಸಾಕ್. ಹತ್ತಿ ಬಟ್ಟೆ ಮಿಲ್ಲುಗಳ ಸಾಹುಕಾರ. ಮೊದಲ ಮಹಾಯುದ್ಧ ಮುಗಿದಾಗ ಉಳಿದ ವಿಮಾನದ ರೆಕ್ಕೆ ಬಟ್ಟೆ ಕೊಂಡು ಮಾರಿ ಬೆಳೆದವರು. ಬಟ್ಟೆ ಮಾರುವವನಿಗೆ ಉದ್ದ ಲಂಗ ಇಷ್ಟವಾಗದೆ ಇರುತ್ತದಾ?

ಇನ್ನೊಂದು ನೋಡಿ. ಫ್ರಾನ್ಸಿನ ಹೆಂಗಸರು ಮೊದಲ ಸಲ ಓಟು ಹಾಕಿದ್ದು 1945ರಲ್ಲಿ. ಯುದ್ಧಕಾಲದಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋದವರು. ಎರಡೇ ವರ್ಷಕ್ಕೆ ಅವರ ಸೊಂಟಕ್ಕೆ ಮತ್ತೆ ಪಟ್ಟಿ ಬಿಗಿದರು. ಚಿತ್ರ ಚೆಂದ ಅಂತ ಇದನ್ನೆಲ್ಲ ಮರೆಯೋಕೆ ಆಗಲ್ಲ.


ಲಿಯೋಂ ಸೊಸೆ, ಫ್ರಾನ್ಸ್

ಹಳೇ ಪುಟ ಅವರೇ, ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಅತ್ತೆಯ ಅಮ್ಮ ಆಗ ಹದಿಹರೆಯದವರು. ಪರದೆ ಬಟ್ಟೆಯಲ್ಲಿ ಲಂಗ ಹೊಲಿದುಕೊಂಡಿದ್ದರಂತೆ. ಉದ್ದ ಸಾಲದೆ ಕೆಳಗೆ ಬೇರೆ ಬಣ್ಣದ ಪಟ್ಟಿ ಸೇರಿಸಿದ್ದರಂತೆ. ಯಾರೂ ಬಲವಂತ ಮಾಡಿರಲಿಲ್ಲ. ಐದು ವರ್ಷ ಒಂದೇ ಕೋಟು ಹಾಕಿ ಸಾಕಾಗಿತ್ತು ಅಂತ ನಗುತ್ತಿದ್ದರು.

ಅಂದ ಹಾಗೆ ಡಿಯೋರ್ ತಂಗಿ ಕ್ಯಾಥರೀನ್ ನಾಜಿಗಳ ವಿರುದ್ಧ ಗುಪ್ತವಾಗಿ ಕೆಲಸ ಮಾಡಿ 1944ರಲ್ಲಿ ಸಿಕ್ಕಿಬಿದ್ದು ರಾವೆನ್ಸ್‌ಬ್ರೂಕ್ ಶಿಬಿರ ಕಂಡು ಬಂದವರು. ಕುಂಚದ ತುದಿ ಅವರು ಹೇಳಿದ ಆ ಹಂಸದ ಸೆಂಟಿಗೆ ಅವರದೇ ಹೆಸರು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಆ ಕಾಲದ ಮನೆಗಳಲ್ಲಿ ಯುದ್ಧದ ನೋವು, ಚೆಂದದ ಆಸೆ, ಎರಡೂ ಒಟ್ಟಿಗೇ ಇದ್ದವು.


ಅಂಚು ಸೆರಗು, ಉಡುಪಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಅದೇ 1947ರ ಸಂಗ್ರಹದ ಶೆರಿ ಅನ್ನೋ ನೀಲಿ ಟಫೆಟಾ ಉಡುಪು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಲಂಗ ಹೇಗೆ ಮಾಡಿದ್ದಾರೆ ಅಂತ ಓದಿ ನಾನು ಎದ್ದು ಕೂತೆ.

ಲಂಗಕ್ಕೆ ಬಟ್ಟೆಯನ್ನು ಕಳಿಯಾಗಿ, ಅಂದರೆ ಮೇಲೆ ಕಿರಿದು ಕೆಳಗೆ ಅಗಲವಾದ ತುಂಡುಗಳಾಗಿ, ಕತ್ತರಿಸಿಲ್ಲ! ಬಟ್ಟೆಯ ಪೂರ್ತಿ ಅಗಲವನ್ನು ಹಾಗೇ ಅಡ್ಡಲಾಗಿ ಸುತ್ತಿದ್ದಾರೆ. ಒಂದು ಅಂಚು ಸೊಂಟದಲ್ಲಿ, ಇನ್ನೊಂದು ಅಂಚು ಕಾಲ ಹತ್ತಿರ. ಸೊಂಟದಲ್ಲಿ ಅಷ್ಟೂ ಬಟ್ಟೆಯನ್ನು ನೆರಿಗೆ ಹಿಡಿದು ಸೇರಿಸಿದ್ದಾರೆ. ಆ ನೆರಿಗೆಗಳ ದಪ್ಪವೇ ಪಕ್ಕಕ್ಕೆ ಪ್ಯಾಡ್ ಆಗುತ್ತದೆ.

ಇದು ಸೀರೆ ಉಟ್ಟ ಹಾಗೇ ಅಲ್ವಾ? ಒಂದು ಅಂಚು ಲಂಗದೊಳಗೆ ಸಿಕ್ಕಿಸಿ, ಇನ್ನೊಂದು ಅಂಚು ಪಾದಕ್ಕೆ ಬಿಟ್ಟು, ನೆರಿಗೆ ಹಿಡಿಯುವುದು. ಅವರು ಸೀರೆ ನೋಡಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಬಟ್ಟೆಗೆ ಕತ್ತರಿ ಹಾಕದೆ ಇದ್ದರೆ ಅದು ಎಲ್ಲಿ ಹೋದರೂ ಒಂದೇ ಥರ ನಡೆದುಕೊಳ್ಳುತ್ತದೆ. ಗಂಜಿ ಹಾಕಿದ ಹತ್ತಿ ಸೀರೆ ಮೊದಲ ಸಲ ಉಟ್ಟಾಗ ಹೊಟ್ಟೆ ಮುಂದೆ ಹೇಗೆ ಉಬ್ಬುತ್ತದೆ, ನೆನಪು ಮಾಡಿಕೊಳ್ಳಿ. ನಾವು ಅದನ್ನು ತಟ್ಟಿ ತಟ್ಟಿ ಕೂರಿಸುತ್ತೇವೆ. ಅವರು ಅದೇ ಬೇಕು ಅಂತ ಮಾಡಿದ್ದಾರೆ.

ನಿಜವಾಗಿ ಭಾರತಕ್ಕೆ ಬಂದು ಇಲ್ಲಿನ ನೇಯ್ಗೆ ನೋಡಿ ಹೋದವರು ಪ್ಯಾರಿಸ್ಸಿನ ಉಡುಪು ವಿನ್ಯಾಸಕಿ ಮದಾಮ್ ಗ್ರೆ. 1950ರ ದಶಕದ ಕೊನೆಯಲ್ಲಿ ಬಂದಿದ್ದರು. ಶಿಲ್ಪಿ ಆಗಬೇಕು ಅಂದುಕೊಂಡಿದ್ದವರು, ಬಟ್ಟೆಗೆ ಬಂದರು. ಅಷ್ಟಗಲದ ರೇಷ್ಮೆ ಜೆರ್ಸಿಯನ್ನು ಕೈಯಲ್ಲೇ ನೆರಿಗೆ ಹಿಡಿದು ಹಿಡಿದು ಕೆಲವೇ ಬೆರಳಿನ ಅಗಲಕ್ಕೆ ತರುತ್ತಿದ್ದರು. ಅವರ ಉಡುಪಿನ ಮುಂದೆ ನಮ್ಮ ಪಿನ್ ಹಾಕಿದ ನೆರಿಗೆ ಯಾವ ಲೆಕ್ಕ!


ನೆರಿಗೆಮನೆ, ಶಿವಮೊಗ್ಗ

ಅಯ್ಯೋ, ಇಷ್ಟೆಲ್ಲ ಇದೆಯಾ ಇದರಲ್ಲಿ! ಅಂಚನ್ನೇ ಸೊಂಟಕ್ಕೆ ಇಡೋದು ನನಗೆ ಹೊಳೆದೇ ಇರಲಿಲ್ಲ. ನಾನು ಯಾವಾಗಲೂ ಕಳಿ ಕತ್ತರಿಸಿ ಘೇರ್ ಕೊಡೋದು.

ಒಂದು ಅರ್ಥವಾಗಲಿಲ್ಲ. ಅಲ್ಲಿನ ಟೈಲರ್‌ಗಳಿಗೂ ಇಂಥ ಚಿತ್ರವನ್ನೇ ಕೊಡುತ್ತಿದ್ದರಾ? ಅವರು ಹೇಗೆ ಕಟ್ ಮಾಡುತ್ತಿದ್ದರು?


ಕುಂಚದ ತುದಿ, ಬೆಂಗಳೂರು

ಇಲ್ಲೇ ಇದೆ ಗಂಟು. ಚಿತ್ರ ಅಂದರೆ ಒಂದೇ ಅಲ್ಲ.

ಮೊದಲನೆಯದು ಬಟ್ಟೆ ಹುಟ್ಟುವ ಮೊದಲಿನದು. ಡಿಯೋರ್ ಒಂದೊಂದು ಸೀಸನ್ನಿಗೆ ಊರ ಹೊರಗಿನ ಮನೆಗೆ ಹೋಗಿ ನೂರಾರು ಪುಟ್ಟ ಪುಟ್ಟ ಸ್ಕೆಚ್ ಗೀಚುತ್ತಿದ್ದರು. ಕೈಗೆ ಸಿಕ್ಕ ಕಾಗದದ ಮೇಲೆ. ಅದರಲ್ಲೂ ಅಳತೆ ಇರಲ್ಲ. ಅವನ್ನು ಮಾರ್ಗರೀತ್ ಕಾರ್ರೆ ಅನ್ನೋ ಮುಖ್ಯಸ್ಥೆಗೆ ಕೊಡುತ್ತಿದ್ದರು. ಆಕೆ ಒಂದೊಂದು ಕೋಣೆಯ ಹಿರಿಯ ಹೊಲಿಗೆಗಾರ್ತಿಗೆ ಹಂಚುವುದು. ಆ ಹಿರಿಯಕ್ಕ ಗೀಟು ನೋಡಿ ಬಿಳಿ ಹತ್ತಿ ಬಟ್ಟೆಯಲ್ಲಿ ಮೊದಲ ರೂಪ ತೆಗೆಯಬೇಕು. ಅದನ್ನು ತ್ವಾಲ್ ಅನ್ನುತ್ತಾರೆ. ಡಿಯೋರ್ ಅದನ್ನು ನೋಡಿ ಇಲ್ಲಿ ಇಳಿಸಿ, ಅಲ್ಲಿ ಬಿಡಿ ಅನ್ನುವುದು. ಎಷ್ಟೋ ಸ್ಕೆಚ್ ಅಲ್ಲೇ ಸತ್ತು ಹೋಗುತ್ತಿದ್ದವು.

ಎರಡನೆಯದು ದಾಖಲೆ ಚಿತ್ರ. ಉಡುಪು ಮುಗಿದ ಮೇಲೆ ಮನೆಯ ಚಿತ್ರಗಾರರು ಮುಂದೆ ಹಿಂದೆ ಬರೆದು, ಮೂಲೆಗೆ ಬಟ್ಟೆಯ ತುಂಡು ಸಿಕ್ಕಿಸಿ ಇಡುವುದು.

ಮೂರನೆಯದು ಗ್ರುವೊ ಬರೆಯುವಂಥದ್ದು. ಪತ್ರಿಕೆಗೆ, ಜಾಹೀರಾತಿಗೆ. ಎಲ್ಲಾ ಮುಗಿದ ಮೇಲೆ.

ನಿಮ್ಮ ಹುಡುಗಿ ತಂದಿರುವುದು ಮೂರನೆಯದು. ಅದು ಅಳತೆ ಬ್ಲೌಸ್ ಕೊಡುವ ಬದಲು ಮದುವೆ ಆಲ್ಬಂ ಕೊಟ್ಟ ಹಾಗೆ. ಅದರಿಂದ ಕಟಿಂಗ್ ಮಾಡೋಕೆ ಹೋಗಬೇಡಿ. ಲಂಗ ಯಾವ ಕಡೆ ವಾಲುತ್ತದೆ, ಭಾರ ಎಲ್ಲಿದೆ, ಅಷ್ಟು ನೋಡಿ.


ಲಿಯೋಂ ಸೊಸೆ, ಫ್ರಾನ್ಸ್

ಆ ತ್ವಾಲ್‌ಗಳನ್ನು ಮ್ಯೂಸಿಯಂನಲ್ಲಿ ನೆಲದಿಂದ ಚಾವಣಿವರೆಗೆ ಸಾಲಾಗಿ ಜೋಡಿಸಿದ್ದಾರೆ. ಪೂರ್ತಿ ಬಿಳಿ ಕೋಣೆ. ಬಣ್ಣ ಇಲ್ಲ, ಮಣಿ ಇಲ್ಲ, ಕಪ್ಪು ಗೆರೆ, ಪಿನ್ನಿನ ಗುರುತು. ನನಗೆ ಕಸೂತಿ ಮಾಡಿದ ಗೌನುಗಳಿಗಿಂತ ಅದೇ ಇಷ್ಟ.

ಎಲ್ಲರೂ ಕಾಗದದಿಂದ ಶುರು ಮಾಡುತ್ತಿರಲಿಲ್ಲ ಅನ್ನೋದೂ ನಿಜ. ಶನೆಲ್ ಸ್ಕೆಚ್ ಮಾಡುತ್ತಲೇ ಇರಲಿಲ್ಲ. ಕುತ್ತಿಗೆಗೆ ರಿಬ್ಬನ್ನಿನಲ್ಲಿ ಕತ್ತರಿ ನೇತು ಹಾಕಿಕೊಂಡು, ರೂಪದರ್ಶಿಯನ್ನು ಗಂಟೆಗಟ್ಟಲೆ ನಿಲ್ಲಿಸಿ ಮೈ ಮೇಲೆಯೇ ಕತ್ತರಿಸುತ್ತಿದ್ದರು. ಡಿಯೋರ್ ಅವರ ಬಿಗಿ ಸೊಂಟ ಅವರಿಗೆ ಕಣ್ಣಿಗೆ ಆಗುತ್ತಿರಲಿಲ್ಲ. 1954ರಲ್ಲಿ, 70ನೇ ವಯಸ್ಸಿನಲ್ಲಿ, ಮತ್ತೆ ಅಂಗಡಿ ತೆರೆದು ಸಡಿಲ ಜಾಕೆಟ್ ಮಾಡಿದರು. ವಿಯೊನೆ ಅನ್ನುವವರು ಅದಕ್ಕೂ ಮುಂಚೆ, ಒಂದು ಪುಟ್ಟ ಮರದ ಗೊಂಬೆಯ ಮೇಲೆ ಬಟ್ಟೆ ಸುತ್ತಿ ನೋಡುತ್ತಿದ್ದರು. ಬಟ್ಟೆಯನ್ನು ಕ್ರಾಸ್ ಆಗಿ ಕತ್ತರಿಸಿ ಇಡೀ ಉಡುಪು ಮಾಡಿದ್ದು ಅವರ ಹೆಚ್ಚುಗಾರಿಕೆ.


ಕತ್ತರಿ ಕಾಕಾ, ಹುಬ್ಬಳ್ಳಿ

ಕ್ರಾಸ್ ಕಟ್ ನಮ್ಮ ಬ್ಲೌಸಿಗೂ ಅದೇ ತತ್ವ. ಎದೆ ಮೇಲೆ ಬಟ್ಟೆ ಓರೆ ಬಂದರೆ ಮೈಗೆ ತಕ್ಕಂತೆ ಎಳೆಯುತ್ತದೆ. ಆದರೆ ಬಟ್ಟೆ ಜಾಸ್ತಿ ತಿನ್ನುತ್ತದೆ. ಎಂಬತ್ತು ಸೆಂಟಿಮೀಟರ್ ತಂದು "ಕ್ರಾಸ್ ಮಾಡಿ" ಅಂದರೆ ಕಾಕಾ ಎಲ್ಲಿಂದ ತರಬೇಕು?

ನನಗೆ ಬಾಲೆನ್ಸಿಯಾಗ ಬಗ್ಗೆ ಯಾರಾದರೂ ಬರೀರಿ. ಮಗ ಕಳಿಸಿದ ವಿಡಿಯೊದಲ್ಲಿ ಒಂದು ತೋಳು ನೋಡಿದೆ. ಮೂರು ರಾತ್ರಿ ನಿದ್ದೆ ಇಲ್ಲ. ಕಂಕುಳಲ್ಲಿ ಒಂದು ಸುಕ್ಕಿಲ್ಲ, ಕೈ ಎತ್ತಿದರೆ ಕೋಟು ಮೇಲೆ ಹೋಗೂದಿಲ್ಲ!


ಲಿಯೋಂ ಸೊಸೆ, ಫ್ರಾನ್ಸ್

ಕಾಕಾ, ನಿಮಗೆ ಇಷ್ಟವಾಗಲೇಬೇಕು. ಸ್ಪೇನಿನ ಗೆತಾರಿಯಾ ಅನ್ನೋ ಮೀನುಗಾರರ ಊರಿನವರು. ಅಮ್ಮ ಹೊಲಿಗೆ ಕೆಲಸ ಮಾಡುತ್ತಿದ್ದರು. ಪ್ಯಾರಿಸ್ಸಿನ ದೊಡ್ಡವರಲ್ಲಿ ತಾನೇ ಚಿತ್ರ ಬರೆದು, ತಾನೇ ಕತ್ತರಿಸಿ, ತಾನೇ ಹೊಲಿಯಬಲ್ಲ ಅಪರೂಪದ ಮನುಷ್ಯ. ತೋಳು ಕೂರಿಸುವುದು ಅವರಿಗೆ ಹುಚ್ಚು. ಸರಿ ಬರದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಅವರು ಶುರು ಮಾಡುವುದು ಬಟ್ಟೆಯಿಂದ. 1958ರಲ್ಲಿ ಅವರಿಗಾಗಿಯೇ ಗಝಾರ್ ಅನ್ನೋ ಗಟ್ಟಿ ರೇಷ್ಮೆ ನೇಯಿಸಿದರು. ಅದು ಮೈ ಬಿಟ್ಟು ದೂರ ನಿಲ್ಲುತ್ತದೆ, ಒಳಗೆ ಪ್ಯಾಡ್ ಬೇಡ.


ಒಂಬತ್ತು ತಲೆ, ಬಳ್ಳಾರಿ

ಎಲ್ಲರಿಗೂ ನಮಸ್ತೆ. ನಾನು ಫ್ಯಾಷನ್ ಡಿಸೈನ್ ಎರಡನೇ ವರ್ಷ. ಕಾಲೇಜು ಹೆಸರು ಬೇಡ. ಹೋದ ಸೆಮಿಸ್ಟರ್‌ನಲ್ಲಿ ನನ್ನ ಸ್ಕೆಚ್‌ಗೆ ಅಂಕ ಕಡಿಮೆ ಕೊಟ್ಟರು. ಕಾರಣ, ಮುಖಕ್ಕೆ ಕಣ್ಣು ಮೂಗು ಬರೆದಿರಲಿಲ್ಲ. "ಅರ್ಧಂಬರ್ಧ ಕೆಲಸ" ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದಾರೆ. ಈ ಗ್ರುವೊ ಕೂಡ ಅರ್ಧ ಬಿಡುತ್ತಾರಲ್ಲ ಅಂತ ಕೇಳಬೇಕು ಅನಿಸುತ್ತಿದೆ.


ಕುಂಚದ ತುದಿ, ಬೆಂಗಳೂರು

ಮಗೂ, ನಿನ್ನ ಜೊತೆ ಒಬ್ಬ ದೊಡ್ಡವರಿದ್ದಾರೆ. ಕ್ರಿಸ್ಟಿಯನ್ ಬೆರಾರ್. ಎಲ್ಲರೂ ಬೇಬೆ ಅಂತ ಕರೆಯುತ್ತಿದ್ದರು, ಅಂದರೆ ಪಾಪು. ದಪ್ಪ ಮೈ, ಕೆದರಿದ ಗಡ್ಡ. ನಾಟಕದ ರಂಗಸಜ್ಜಿಕೆ, ಫ್ಯಾಷನ್ ಚಿತ್ರ ಎರಡೂ ಮಾಡಿದವರು. ಅವರೂ ಎಷ್ಟೋ ಸಲ ಮುಖ ಖಾಲಿ ಬಿಡುತ್ತಿದ್ದರು. ಹಾರ್ಪರ್ಸ್ ಬಜಾರ್ ಪತ್ರಿಕೆಯ ಮಾಲೀಕ ಹರ್ಸ್ಟ್‌ಗೆ ಅದು ಕಂಡರಾಗುತ್ತಿರಲಿಲ್ಲ, "ಮುಖವಿಲ್ಲದ ಫ್ರೆಡ್ಡಿ" ಅಂತ ಅಡ್ಡಹೆಸರು ಇಟ್ಟಿದ್ದನಂತೆ. ನಿನಗೆ ಕೆಂಪು ಪೆನ್ನು, ಅವರಿಗೆ ಅದು.

ಆದರೆ ಒಂದು ಮಾತು. ಬೆರಾರ್ ಮುಖ ಬಿಟ್ಟಾಗ ತಲೆಯ ವಾಲು, ಟೋಪಿಯ ನೆರಳು, ಕುತ್ತಿಗೆ ಎಲ್ಲವೂ ಸರಿಯಾಗಿ ಬಂದಿರುತ್ತಿದ್ದವು. ಮುಖ ಇಲ್ಲ ಅಂತ ನಮಗೆ ಗೊತ್ತಾಗುವುದೇ ಎರಡನೇ ಸಲ ನೋಡಿದಾಗ. ನಿನ್ನ ಚಿತ್ರದಲ್ಲಿ ಮೊದಲ ಸಲಕ್ಕೇ ಗೊತ್ತಾಯಿತಾ ಅಂತ ನೋಡಿಕೋ. ಬೇಜಾರು ಮಾಡಿಕೊಳ್ಳಬೇಡ, ನಾನೂ ಕೈ ಬರೆಯೋಕೆ ಬಾರದೆ ಎಷ್ಟೋ ನಾಯಕಿಯರ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟವನೇ.

ಇನ್ನೊಂದು ಸಮಾಧಾನ. 1954ರಲ್ಲಿ ಉಣ್ಣೆ ಸಂಸ್ಥೆಯೊಂದು ಪ್ಯಾರಿಸ್‌ನಲ್ಲಿ ಸ್ಪರ್ಧೆ ಇಟ್ಟಿತ್ತು. ಕಳಿಸಬೇಕಾದ್ದು ಬರೇ ಸ್ಕೆಚ್. ಉಡುಪಿನ ವಿಭಾಗದಲ್ಲಿ ಗೆದ್ದ ಹುಡುಗ ಈವ್ ಸಾಂ ಲೋರಾಂ, ಕೋಟಿನ ವಿಭಾಗದಲ್ಲಿ ಕಾರ್ಲ್ ಲಾಗರ್‌ಫೆಲ್ಡ್. ಮುಂದಿನ ವರ್ಷ ಸಾಂ ಲೋರಾಂ ಡಿಯೋರ್ ಮನೆಗೆ ಸೇರಿದ. 1957ರಲ್ಲಿ ಡಿಯೋರ್ ತೀರಿಕೊಂಡಾಗ 21ನೇ ವಯಸ್ಸಿಗೆ ಅವನದೇ ಜವಾಬ್ದಾರಿ.


ಒಂಬತ್ತು ತಲೆ, ಬಳ್ಳಾರಿ

ಸರ್, ಮೊದಲ ಸಲಕ್ಕೇ ಗೊತ್ತಾಗುತ್ತೆ. 😔


ಹಳೇ ಪುಟ, ಮೈಸೂರು

ಬೆರಾರ್ ಹೆಸರು ಬಂದಿತಲ್ಲ, ಒಂದು ಒಳ್ಳೆ ಸಂಗತಿ ಹೇಳುತ್ತೇನೆ. ಯಾವಾಗಲೂ ಗೊಣಗುತ್ತೇನೆ ಅಂತ ಅಂದುಕೊಳ್ಳಬೇಡಿ.

1945ರ ಮಾರ್ಚ್. ಯುದ್ಧ ಇನ್ನೂ ಮುಗಿದಿಲ್ಲ. ಪ್ಯಾರಿಸ್ಸಿನ ಫ್ಯಾಷನ್ ಮನೆಗಳ ಹತ್ತಿರ ಬಟ್ಟೆಯಿಲ್ಲ, ಗಿರಾಕಿ ಇಲ್ಲ. ಆಗ ಅವರೆಲ್ಲ ಸೇರಿ ಗೊಂಬೆ ಪ್ರದರ್ಶನ ಮಾಡಿದರು. ಹೆಸರು ಥಿಯಾತ್ರ್ ದ ಲಾ ಮೋದ್. ಇನ್ನೂರಕ್ಕೂ ಹೆಚ್ಚು ಗೊಂಬೆ, ಒಂದೊಂದು 70 ಸೆಂಟಿಮೀಟರ್ ಎತ್ತರ. ಮರವಲ್ಲ, ಮಣ್ಣಲ್ಲ, ಬರೀ ತಂತಿ! ಎಲಿಯಾನ್ ಬೊನಾಬೆಲ್ ಅನ್ನೋ ಚಿತ್ರಗಾರ್ತಿ ಬರೆದ ಗೆರೆಗಳನ್ನೇ ತಂತಿಯಲ್ಲಿ ಬಗ್ಗಿಸಿದ್ದು. ತಲೆ ಮಾತ್ರ ಗಾರೆಯದು. ಇಡೀ ಪ್ರದರ್ಶನದ ಕಲಾ ಹೊಣೆ ಬೆರಾರ್ ಅವರದು.

ಗೊಂಬೆಗೆ ಹಾಕಿದ ಬಟ್ಟೆ ಆಟದ್ದಲ್ಲ. ಗುಂಡಿ ಬಿಚ್ಚುತ್ತದೆ, ಒಳಗೆ ಲೈನಿಂಗ್ ಇದೆ, ಕೈಚೀಲ ತೆರೆಯುತ್ತದೆ. ದುಡ್ಡು ಯುದ್ಧ ಸಂತ್ರಸ್ತರಿಗೆ ಹೋಯಿತು. ಆಮೇಲೆ ಗೊಂಬೆಗಳು ಅಮೆರಿಕಕ್ಕೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಅಂಗಡಿಯ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಈಗ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ಅನ್ನೋ ಮ್ಯೂಸಿಯಂನಲ್ಲಿವೆ.

ನನಗೆ ಆ ಉಬ್ಬು ಲಂಗಕ್ಕಿಂತ ಈ ತಂತಿ ಗೊಂಬೆಗಳು ಇಷ್ಟ. ಇರುವಷ್ಟರಲ್ಲಿ ಮಾಡಿದ್ದು.


ಅಂಚು ಸೆರಗು, ಉಡುಪಿ

ಮೈಸೂರಿನವರಿಗೆ ಗೊಂಬೆ ಇಷ್ಟವಾಗದೆ ಇರುತ್ತದಾ! ದಸರಾದಲ್ಲಿ ನಿಮ್ಮ ಪಟ್ಟದ ಗೊಂಬೆಗೂ ಸೀರೆ ಉಡಿಸುತ್ತೀರಲ್ಲ, ಅದಕ್ಕೆ ಫಾಲ್ಸ್ ಹಾಕುತ್ತೀರಾ?


ಹಳೇ ಪುಟ, ಮೈಸೂರು

ನಮ್ಮ ಮನೆಯಾಕೆ ಹಾಕುತ್ತಾಳೆ. ಅದನ್ನು ನೋಡಿಯೇ ಇಷ್ಟು ಓದಿದ್ದು.


ಕತ್ತರಿ ಕಾಕಾ, ಹುಬ್ಬಳ್ಳಿ

ಒಂದು ಕೇಳುತ್ತೇನೆ. ಫೋಟೊ ಇತ್ತಲ್ಲ ಆಗ, ಮತ್ತೆ ಚಿತ್ರ ಯಾಕೆ? ಕ್ಯಾಮೆರಾ ಇಟ್ಟು ಹೊಡೆದರೆ ಮುಗೀತಲ್ಲ.


ಕುಂಚದ ತುದಿ, ಬೆಂಗಳೂರು

ಒಂದು, ದಿನಪತ್ರಿಕೆ ಕಾಗದ ಒರಟು. ಕಪ್ಪು ಉಣ್ಣೆ ಲಂಗದ ಫೋಟೊ ಅಚ್ಚಾದರೆ ಮಸಿ ಚೆಲ್ಲಿದ ಹಾಗೆ. ನೆರಿಗೆ ಎಲ್ಲಿ, ಬಟ್ಟೆ ಎಲ್ಲಿ ಗೊತ್ತಾಗಲ್ಲ. ಗೆರೆಯಲ್ಲಿ ಬರೆದರೆ ಅಚ್ಚುಕಟ್ಟು. ನಮ್ಮ ಪತ್ರಿಕೆಗಳಲ್ಲಿ ನನಗೆ ಅನ್ನ ಸಿಕ್ಕಿದ್ದೂ ಇದೇ ಕಾರಣಕ್ಕೆ.

ಇನ್ನೊಂದು, ಬೇಕಾದ್ದನ್ನು ಮಾತ್ರ ಹೇಳಬಹುದು. ಫೋಟೊದಲ್ಲಿ ಗೋಡೆ, ಕುರ್ಚಿ, ಚಪ್ಪಲಿ ಎಲ್ಲಾ ಬರುತ್ತೆ. ಗ್ರುವೊ ಲಂಗದ ಒಂದು ಬದಿಯನ್ನು ಕುಂಚದಲ್ಲಿ ಒಂದೇ ಉಸಿರಿಗೆ ಎಳೆದು, ಇನ್ನೊಂದು ಬದಿಯನ್ನು ಬರೆಯುವುದೇ ಇಲ್ಲ. ನಮ್ಮ ಕಣ್ಣು ಅದನ್ನು ತುಂಬಿಕೊಳ್ಳುತ್ತೆ. ಆ ಒಂದು ಗೆರೆಗೆ ಮುಂಚೆ ಎಷ್ಟು ಪೆನ್ಸಿಲ್ ಕಾಗದ ಹರಿದಿರುತ್ತಾರೋ! ಜಪಾನಿನ ಮರದಚ್ಚಿನ ಚಿತ್ರಗಳು, ಫ್ರೆಂಚ್ ಚಿತ್ರಗಾರ ಲೋತ್ರೆಕ್‌ನ ಪೋಸ್ಟರುಗಳು, ಎರಡನ್ನೂ ಅರಗಿಸಿಕೊಂಡವರು.

1950ರ ದಶಕ ಮುಗಿಯುವ ಹೊತ್ತಿಗೆ ಪತ್ರಿಕೆಗಳು ಪೂರ್ತಿ ಫೋಟೊ ಕಡೆ ವಾಲಿದವು. ಗ್ರುವೊ ಜಾಹೀರಾತಿಗೆ ಹೋದರು. 1966ರ ಒ ಸೊವಾಜ್ ಅನ್ನೋ ಗಂಡಸರ ಸೆಂಟಿಗೆ ಗಂಡಸಿನ ಬರಿಗಾಲು ಬರೆದು ಎಲ್ಲರನ್ನೂ ನಗಿಸಿದರು.


ಲಿಯೋಂ ಸೊಸೆ, ಫ್ರಾನ್ಸ್

ಕಳ್ಳರ ಕತೆ ಬಿಟ್ಟಿರಿ! ಆಗ ಷೋಗಳಲ್ಲಿ ಸ್ಕೆಚ್ ಮಾಡೋದು ನಿಷೇಧವಾಗಿತ್ತು. ಕೊಳ್ಳುವವರು ಮೊದಲೇ ದುಡ್ಡು ಕಟ್ಟಿ ಒಳಗೆ ಬರಬೇಕಿತ್ತು. ಆದರೂ ಕೆಲವರು ನೋಡಿ ನೋಡಿ ಮನಸ್ಸಿನಲ್ಲೇ ಇಟ್ಟುಕೊಂಡು, ಹೊರಗೆ ಬಂದು ಕೆಫೆಯಲ್ಲಿ ಕೂತು ಬರೆದು ಮಾರುತ್ತಿದ್ದರು. 1956ರಲ್ಲಿ ಬಾಲೆನ್ಸಿಯಾಗ ಮತ್ತು ಜಿವಾಂಶಿ ಬೇಸತ್ತು, ಪತ್ರಿಕೆಯವರು ಒಂದು ತಿಂಗಳು ಬಿಟ್ಟು ಬನ್ನಿ ಅಂದುಬಿಟ್ಟರು.


ಕತ್ತರಿ ಕಾಕಾ, ಹುಬ್ಬಳ್ಳಿ

ಮದುವೆ ಮನೆಯಲ್ಲಿ ನಮ್ಮ ಹೆಂಗಸರು ಪಕ್ಕದವರ ಬ್ಲೌಸಿನ ಹಿಂಭಾಗ ನೋಡಿ ಬಂದು "ಕಾಕಾ, ಹಿಂಗ ಇತ್ತು" ಅಂತ ಗಾಳಿಯಲ್ಲಿ ಬೆರಳಾಡಿಸುತ್ತಾರಲ್ಲ, ಅದೇ ಧಂದೆ. ಅವರಿಗೆ ಪ್ಯಾರಿಸ್ಸಿನಲ್ಲಿ ರೊಕ್ಕ ಕೊಡುತ್ತಿದ್ದರು ಅಂತ ಗೊತ್ತಾದರೆ ನನ್ನ ಹತ್ತಿರ ಕಮಿಷನ್ ಕೇಳ್ತಾರ.


ನೆರಿಗೆಮನೆ, ಶಿವಮೊಗ್ಗ

ಹತ್ತು ದಿನ ಆಯಿತು, ಕ್ಷಮಿಸಿ. ವರದಿ ಒಪ್ಪಿಸುತ್ತಿದ್ದೇನೆ.

ನೇರ ಸ್ಯಾಟಿನ್ನಿಗೆ ಕತ್ತರಿ ಹಾಕಲಿಲ್ಲ. ಐದು ಮೀಟರ್ ಕೋರಾ ಬಟ್ಟೆ ತಂದು ಮೊದಲು ಅದರಲ್ಲೇ ಹೊಲಿದೆ. ಹುಡುಗಿಯ ಸೊಂಟ ಮೂವತ್ತು ಇಂಚು. ಮೂವತ್ತೇ ಇಟ್ಟೆ. ಒಳಗೆ ಸೊಂಟಕ್ಕೆ ಅಗಲ ಟೇಪ್ ಕೊಟ್ಟು ಎರಡು ಹುಕ್. ಪ್ಯಾಡ್‌ಗೆ ಏನು ಮಾಡೋದು ಅಂತ ಹುಡುಕುವಾಗ ಡಬ್ಬಿಯಲ್ಲಿ ಹಳೇ ಭುಜದ ಪ್ಯಾಡ್ ಜೋಡಿ ಸಿಕ್ಕಿತು. ಕಾಕಾ ಮಾತು ನೆನಪಾಗಿ ನಕ್ಕೆ. ಅವನ್ನೇ ತಲೆಕೆಳಗು ಮಾಡಿ, ಅಂಚು ತೆಳು ಆಗುವ ಹಾಗೆ ಸ್ವಲ್ಪ ಬಿಚ್ಚಿ, ಎರಡೂ ಪಕ್ಕಕ್ಕೆ ಹೊಲಿದೆ. ಲಂಗಕ್ಕೆ ಕಳಿ ಇಲ್ಲ. ಬಟ್ಟೆಯ ಅಂಚು ಸೊಂಟಕ್ಕೆ, ಇನ್ನೊಂದು ಅಂಚು ಕೆಳಗೆ. ಹಿಂದೆ ನೆರಿಗೆ ಒತ್ತಾಗಿ, ಮುಂದೆ ಕಡಿಮೆ. ಆ ಚಿತ್ರದಲ್ಲಿ ಭಾರ ಹಿಂದಕ್ಕೆ ಇತ್ತು. ಅದು ನನಗೆ ಕಂಡಿದ್ದು ಕುಂಚದ ತುದಿ ಅವರು ಹೇಳಿದ ಮೇಲೆ.

ಮೊದಲ ಸಲ ಎಡಗಡೆ ಪ್ಯಾಡ್ ಅರ್ಧ ಇಂಚು ಕೆಳಗೆ ಹೋಗಿ ಸೊಟ್ಟ ಬಂತು. ಬಿಚ್ಚಿ ಮತ್ತೆ ಕೂರಿಸಿದೆ. ಕ್ಯಾನ್‌ಕ್ಯಾನ್ ಒಂದೇ ಪದರ ಸಾಕಾಯಿತು, ಹಿಂದಿನ ಸಲ ನಾಲ್ಕು ತುಂಬಿದ್ದೆ.

ಹುಡುಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಬಿಳಿ ಕೋರಾ, ಮೇಲೆಲ್ಲ ನನ್ನ ಪೆನ್ಸಿಲ್ ಗುರುತು. ಎರಡು ನಿಮಿಷ ಏನೂ ಮಾತಾಡಲಿಲ್ಲ. ನನಗೆ ಎದೆ ಡವಡವ. ಆಮೇಲೆ ಕನ್ನಡಿಗೆ ಬೆನ್ನು ಮಾಡಿ, ಕತ್ತು ಮಾತ್ರ ತಿರುಗಿಸಿ ನೋಡಿಕೊಂಡಳು.

"ಆಂಟಿ, ಇದಕ್ಕೆ ಪಾಕೆಟ್ ಇಡಬಹುದಾ?" ಅಂದಳು.


ಕತ್ತರಿ ಕಾಕಾ, ಹುಬ್ಬಳ್ಳಿ

ಇಡ್ರಿ ತಂಗೀ. ಪ್ಯಾಡಿನ ಹಿಂದೆ ಜಾಗ ಇರ್ತದ. ಮೊಬೈಲ್ ಇಟ್ಟರೂ ಕಾಣೂದಿಲ್ಲ.